ಬೆಲ್ಲ ಅಂದರೆ ಇಟಲಿಯ ಸುಂದರಿಯಲ್ಲ!

ಈ ಪತ್ರಿಕೆಯ ಸಂಪಾದಕ ರಮ್ ಕುಡಿಯಲು ಹೆಬ್ರಿಗೆ ಹೋಗಿದ್ದನಂತೆ ಎಂದು ಯಾರಾದರೂ ನಿಮ್ಮ ಕಿವಿಯಲ್ಲಿ ಊದಿದರೆ ನಂಬಿ. ಹೋಗಿದ್ದು ನಿಜ. ಕುಡಿದದ್ದು ಸ್ವಲ್ಪ, ಕಲಿತದ್ದು ಬಹಳ, ನಾಚಿದ್ದು ಅದಕ್ಕಿಂತಲೂ ಬಹಳ. ಆ ನಾಚಿಕೆಯ ಕಥೆ ಬೇರೆಯವರ ಬಾಯಿಂದ ಬಣ್ಣ ಕಟ್ಟಿಕೊಂಡು ನಿಮ್ಮನ್ನು ತಲುಪುವ ಮೊದಲು ನಾನೇ ಹೇಳಿಬಿಡುತ್ತೇನೆ.

ಆಗುಂಬೆ ಘಾಟಿಯ ತಿರುವುಗಳನ್ನು ಇಳಿದು ಸೋಮೇಶ್ವರ ದಾಟಿದರೆ ಸಿಗುವ ಊರು ಹೆಬ್ರಿ. 2018ರಿಂದ ಅದೊಂದು ತಾಲ್ಲೂಕು ಕೇಂದ್ರ. ಹತ್ತಿರದಲ್ಲೇ ಸೀತಾನದಿ, ಸುತ್ತ ಕಾಡು, ನಡುನಡುವೆ ಅಡಿಕೆ ತೋಟ. ಒಂದೇ ಅಂಗಡಿಯ ಜಗಲಿಯಲ್ಲಿ ತುಳು, ಕುಂದಗನ್ನಡ, ಕೊಂಕಣಿ ಮೂರೂ ಕಿವಿಗೆ ಬೀಳುವ ಸೀಮೆ ಅದು. ಅಲ್ಲಿ ಒಂದು ತೋಟದ ಮನೆಯಲ್ಲಿ ರಾತ್ರಿ ತಂಗಲು ಕೋಣೆ ಕೊಡುತ್ತಾರೆ. ಏಳು ಜನ ಯುವಕ ಯುವತಿಯರು ಅಲ್ಲಿ ಸೇರಿ ರಮ್ಮಿನ ರುಚಿ ನೋಡುವ ಸಂಜೆಯೊಂದನ್ನು ಇಟ್ಟುಕೊಂಡಿದ್ದರು. ಇಬ್ಬರು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯವರು, ಒಬ್ಬಳು ಮಣಿಪಾಲದಲ್ಲಿ ಪಾಠ ಹೇಳುವವಳು, ಒಬ್ಬ ಮಂಗಳೂರಿನ ಬ್ಯಾಂಕಿನವನು, ಉಳಿದವರು ಕಾರ್ಕಳ, ಕಾಪು ಕಡೆಯವರು. ಎಲ್ಲರೂ ಕನ್ನಡದವರೇ, ಇಲ್ಲವೇ ತುಳು ಮಾತಾಡಿ ಕನ್ನಡ ಓದಿದವರು. ಅವರಲ್ಲೊಬ್ಬ ನಮ್ಮ ಪತ್ರಿಕೆಯ ಓದುಗ. 'ಬನ್ನಿ ಸಾರ್, ಕುಡಿತ ಅಲ್ಲ, ಇದು ರುಚಿ ನೋಡೋದು' ಎಂದು ಕರೆದ. ಹೋದೆ.

ಮೊದಲಿಗೇ ಹೇಳುತ್ತೇನೆ, ಅವರು ಕುಡುಕರಲ್ಲ. ಅವರ ಕಟ್ಟುಪಾಡು ನೋಡಿ ನನಗೇ ಆಶ್ಚರ್ಯವಾಯಿತು. ಇಪ್ಪತ್ತೊಂದು ತುಂಬದವರಿಗೆ ಪ್ರವೇಶವಿಲ್ಲ. ಒಬ್ಬರಿಗೆ ಒಂದು ಬಾಟಲಿಯಿಂದ ಹದಿನೈದು ಮಿಲಿಲೀಟರ್, ಅಷ್ಟೇ. ಬೇಡವೆಂದವರು ಉಗುಳಲು ಪಕ್ಕದಲ್ಲಿ ಪಾತ್ರೆ. ಗಾಡಿಯ ಕೀಲಿಗಳೆಲ್ಲ ಮನೆಯೊಡತಿಯ ಕೈಯಲ್ಲಿ, ಬೆಳಗಾಗುವ ತನಕ ಯಾರೂ ಗೇಟು ದಾಟುವಂತಿಲ್ಲ. ನಡುನಡುವೆ ನೀರು, ಸಪ್ಪೆ ಬಿಸ್ಕತ್ತು. ಹೀಗೆ ಕುಡಿಯುವವರು ನಮ್ಮ ರಾಜ್ಯದಲ್ಲಿ ಹೆಚ್ಚಾದರೆ ಅಬಕಾರಿ ಇಲಾಖೆ ಬಾಗಿಲು ಹಾಕಬೇಕಾದೀತು!

ರುಚಿ ನೋಡುವುದಕ್ಕೂ ಒಂದು ಕ್ರಮವಿದೆ. ಮೇಲೆ ಕಿರಿದಾಗುವ ಪುಟ್ಟ ಗಾಜಿನ ಲೋಟ. ಮೊದಲು ಬಣ್ಣ ನೋಡಬೇಕು. ಆಮೇಲೆ ಬಾಯಿ ಸ್ವಲ್ಪ ತೆರೆದಿಟ್ಟುಕೊಂಡು ಮೂಸಬೇಕು, ಇಲ್ಲದಿದ್ದರೆ ಘಾಟು ಮೂಗಿಗೆ ಹೊಡೆದು ಬೇರೇನೂ ತಿಳಿಯುವುದಿಲ್ಲ. ಒಂದು ಗುಟುಕನ್ನು ನಾಲಿಗೆಯ ಮೇಲೆ ಹೊರಳಿಸಬೇಕು. ಎರಡು ಹನಿ ನೀರು ಬಿಟ್ಟು ಮತ್ತೆ ಮೂಸಿದರೆ ಅದುವರೆಗೆ ಅಡಗಿದ್ದ ವಾಸನೆಗಳು ಹೊರಬರುತ್ತವೆ. ಕೊನೆಗೆ ಬಾಯಲ್ಲಿ ಏನು ಉಳಿಯಿತು ಎಂದು ಹೇಳಬೇಕು.

ಹೇಳಬೇಕು! ಅಲ್ಲೇ ಬಂತು ನೋಡಿ ತೊಡಕು.

ಪ್ರತಿಯೊಬ್ಬರ ಮುಂದೆಯೂ ಒಂದು ಚಕ್ರದ ಚಿತ್ರವಿತ್ತು. ಅದರ ತುಂಬ ರುಚಿಗಳ ಹೆಸರು, ಎಲ್ಲವೂ ಇಂಗ್ಲಿಷಿನಲ್ಲಿ. ಮೊದಲ ಲೋಟ 1954ರಿಂದ ಮಾರುಕಟ್ಟೆಯಲ್ಲಿರುವ ಓಲ್ಡ್ ಮಾಂಕ್. 'ವೆನಿಲಾ' ಎಂದ ಒಬ್ಬ. 'ಟಾಫಿ' ಎಂದಳು ಒಬ್ಬಳು. 'ಕ್ರಿಸ್‌ಮಸ್ ಕೇಕ್' ಎಂದ ಮೂರನೆಯವನು. ಎರಡನೆಯದು ನಮ್ಮ ಬೆಂಗಳೂರಿನ ಖೋಡೆಯವರ ಹರ್ಕ್ಯುಲಿಸ್. 'ಬರ್ನ್ಟ್ ಶುಗರ್', 'ಲೆದರ್'. ಮೂರನೆಯದು ಕೆರಿಬಿಯನ್ ದ್ವೀಪದ್ದು. 'ಬನಾನಾ ಬ್ರೆಡ್' ಎಂದು ಎಲ್ಲರೂ ಒಕ್ಕೊರಲಿನಿಂದ ಒಪ್ಪಿದರು. ಗೆಳೆಯರೇ, ಆ ಏಳು ಜನರಲ್ಲಿ ಎಷ್ಟು ಮಂದಿಯ ಅಮ್ಮಂದಿರು ಮನೆಯಲ್ಲಿ ಬನಾನಾ ಬ್ರೆಡ್ ಸುಟ್ಟಿದ್ದಾರು? ಮಾಗಿದ ಬಾಳೆಹಣ್ಣನ್ನು ಕಿವುಚಿ ಬೆಲ್ಲ ಹಾಕಿ ರಸಾಯನ ಮಾಡಿದವರೇ ಎಲ್ಲರೂ. ಲೋಟದಲ್ಲಿದ್ದದ್ದೂ ಅದೇ ವಾಸನೆ. ಆದರೆ ಬಾಯಿಗೆ ಬಂದ ಹೆಸರು ಮಾತ್ರ ತಾವು ತಿನ್ನದ ತಿಂಡಿಯದು.

ಮಂಗಳೂರಿನ ಹುಡುಗ ಪೀಪಾಯಿಯ ವಿಚಾರ ಬಹಳ ಚೆನ್ನಾಗಿ ವಿವರಿಸಿದ. ಓಕ್ ಮರದ ಪೀಪಾಯಿಯಲ್ಲಿಟ್ಟ ಮದ್ಯ ವರ್ಷವರ್ಷವೂ ಒಂದಿಷ್ಟು ಆವಿಯಾಗಿ ಹೋಗುತ್ತದೆ. ಸ್ಕಾಟ್ಲೆಂಡಿನ ಚಳಿಯಲ್ಲಿ ನೂರಕ್ಕೆ ಎರಡು ಪಾಲು ಹೋದರೆ ಬೆಂಗಳೂರಿನ ಹವೆಯಲ್ಲಿ ಹತ್ತು ಹನ್ನೆರಡು ಪಾಲು ಹೋಗುತ್ತದೆ. ಅದಕ್ಕೇ ಇಲ್ಲಿ ಬೇಗ ಹದಗೊಳ್ಳುತ್ತದೆ, ಬೇಗ ಖಾಲಿಯೂ ಆಗುತ್ತದೆ. 'ಇದಕ್ಕೆ ಏಂಜೆಲ್ಸ್ ಶೇರ್ ಅಂತಾರೆ' ಎಂದ. ಚಕ್ಕುಲಿ, ವೀಳ್ಯದ ಜೊತೆ ಕೊರಗಜ್ಜನಿಗೆ ಕಳ್ಳನ್ನೂ ಇಡುವ ನೆಲದಲ್ಲಿ ಹುಟ್ಟಿ ಬೆಳೆದ ಹುಡುಗನಿಗೆ 'ದೈವದ ಪಾಲು' ಎಂಬ ಮಾತು ಹೊಳೆಯಲಿಲ್ಲ!

ಕೊನೆಯ ಬಾಟಲಿ ಬಂತು. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್‌ನವರದು. ಹೆಚ್ಚಿನ ರಮ್ಮುಗಳಂತೆ ಕಾಕಂಬಿಯಿಂದ ಮಾಡಿದ್ದಲ್ಲ, ಬೆಲ್ಲದಿಂದಲೇ ಹುಳಿಸಿ, ಭಟ್ಟಿ ಇಳಿಸಿ, ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟದ್ದು. ಅದರ ಹೆಸರೂ 'ಬೆಲ್ಲ'ವೇ. ಬಾಟಲಿ ಕೈಗೆತ್ತಿಕೊಂಡ ಬೆಂಗಳೂರಿನ ಯುವಕ ಇಂಗ್ಲಿಷ್ ಅಕ್ಷರಗಳನ್ನು ಓದಿದ: 'ಬೆಲ್ಲಾ.' ಆಮೇಲೆ ನಮಗೆಲ್ಲ ತಿಳಿಯಲೆಂದು ಸೇರಿಸಿದ: 'ಇಟಾಲಿಯನ್‌ನಲ್ಲಿ ಸುಂದರಿ ಅಂತ ಅರ್ಥ.'

ಯಾರೂ ನಗಲಿಲ್ಲ. ಹೌದೌದು ಎಂದು ತಲೆಯಾಡಿಸಿದರು. ನಾನೂ ಆಡಿಸಿದೆ! ಕನ್ನಡ ನಾಮಫಲಕಕ್ಕಾಗಿ ಬೀದಿಯಲ್ಲಿ ಗಂಟಲು ಹರಿದುಕೊಂಡ ಈ ಸಂಪಾದಕ ಮಹಾಶಯನಿಗೂ ಆ ಕ್ಷಣ ಅದು ಇಟಲಿಯ ಸುಂದರಿಯಾಗಿಯೇ ಕಂಡಳು. ನನ್ನ ಸರದಿ ಬಂತು. ಮೂಸಿದೆ, ಗುಟುಕರಿಸಿದೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ. ಈ ಬಾಯಿಂದ ಬಂದ ಮಾತು ಏನು ಗೊತ್ತೇ? 'ವೆರಿ ಸ್ಮೂತ್.'

ಅಷ್ಟರಲ್ಲಿ ಮನೆಯೊಡತಿ ಹುರಿದ ಗೇರುಬೀಜದ ತಟ್ಟೆ ತಂದಿಟ್ಟರು. ಅರವತ್ತು ದಾಟಿದ ಹೆಂಗಸು. ಜೀವಮಾನದಲ್ಲಿ ಒಂದು ಹನಿ ಬಾಯಿಗೆ ಹಾಕಿದವರಲ್ಲ. ಯಾರೋ ತಮಾಷೆಗೆ ಲೋಟವನ್ನು ಅವರ ಮೂಗಿನ ಹತ್ತಿರ ಹಿಡಿದರು. ಅವರು ಬೈಯಲಿಲ್ಲ. ಒಮ್ಮೆ ಮೂಸಿ ಹೇಳಿದರು: 'ಇದ್ರಗೆ ಅಡಿ ಹಿಡ್ದ್ ಬೆಲ್ಲದ್ ಪರ್ಮಳ ಇತ್ತ್ ಕಾಣಿ ಮಕ್ಳೆ.'

ಮೇಜಿನ ಸುತ್ತ ಮಾತು ನಿಂತಿತು. ಲೇಬಲ್ ಓದಲಿಲ್ಲ, ಚಕ್ರ ನೋಡಲಿಲ್ಲ, ಕುಡಿಯಲೂ ಇಲ್ಲ. ಮೂಗೊಂದರಿಂದಲೇ ಆ ತಾಯಿ ಬಾಟಲಿಯ ಹೆಸರನ್ನೂ ಹುಟ್ಟನ್ನೂ ಹೇಳಿಬಿಟ್ಟಿದ್ದರು. ಬೆಂಗಳೂರಿನ ಯುವಕ ಬಾಟಲಿಯನ್ನು ಮತ್ತೆ ತಿರುಗಿಸಿ ನೋಡಿದ. 'ಓ... ಬೆಲ್ಲ!' ಎಂದ. ಅವನ ಮುಖ ನೋಡಿ ನಗಬೇಕೆನಿಸಲಿಲ್ಲ. ನನ್ನ ಮುಖವೂ ಹಾಗೇ ಇತ್ತಲ್ಲ.

ಗೆಳೆಯರೇ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ರಮ್ಮಿನ ಅಮಲಲ್ಲ, ಒಂದು ಪ್ರಶ್ನೆಯ ಕಾಟ. ನಮಗೆ ಕನ್ನಡ ಬರುವುದಿಲ್ಲವೇ? ಬರುತ್ತದೆ. ಆ ಏಳೂ ಜನ ಜಗಳವಾಡಿದ್ದು, ರೇಗಿಸಿದ್ದು, ಊಟಕ್ಕೆ ಕೂತಾಗ 'ಇನ್ನೊಂಚೂರು ಸಾರು ಹಾಕಿ' ಎಂದದ್ದು ಎಲ್ಲವೂ ಕನ್ನಡದಲ್ಲಿ, ತುಳುವಿನಲ್ಲಿ. ಬಾಟಲಿಯ ಮುಚ್ಚಳ ತೆರೆದ ಕೂಡಲೇ ಇಂಗ್ಲಿಷ್ ಶುರು. ಹಸಿವಿಗೆ ಕನ್ನಡ, ಅಭಿರುಚಿಗೆ ಇಂಗ್ಲಿಷ್ ಎಂದು ನಾವೇ ನಾಲಿಗೆಯನ್ನು ಪಾಲು ಮಾಡಿಕೊಂಡಿದ್ದೇವೆ. ಯಾವ ಪರಭಾಷಿಕನೂ ಬಂದು ನಮ್ಮ ಬಾಯಿ ಹೊಲಿಯಲಿಲ್ಲ. ನಾವಾಗಿಯೇ ಹೊಲಿದುಕೊಂಡೆವು.

ಮದ್ಯದ ವಿಷಯದಲ್ಲಿ ಕನ್ನಡಕ್ಕೆ ನಾವು ಕೊಟ್ಟಿರುವ ಕೆಲಸ ಏನು, ಒಮ್ಮೆ ನೋಡಿ. ಸಿನಿಮಾದಲ್ಲಿ ತೂರಾಡುವ ಕುಡುಕನ ತೊದಲು ಕನ್ನಡದಲ್ಲಿ. ಮೇಜಿನ ಮೇಲಿದ್ದ ಒಂದು ಬಾಟಲಿಯಲ್ಲಿ ಮದ್ಯಪಾನ ಆರೋಗ್ಯಕ್ಕೆ ಹಾನಿಕರ ಎಂಬ ಎಚ್ಚರಿಕೆ ಕನ್ನಡದಲ್ಲಿ, ಅದರ ರುಚಿ ವೈಭವದ ವರ್ಣನೆ ಇಂಗ್ಲಿಷಿನಲ್ಲಿ. ಧರ್ಮಸ್ಥಳದ ಯೋಜನೆಯವರು ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರ ಕನ್ನಡದಲ್ಲಿ. ಬಿಡಿಸುವ ಶಿಬಿರಕ್ಕೆ ಕನ್ನಡ, ಕುಡಿಸುವ ಸಂಜೆಗೆ ಇಂಗ್ಲಿಷ್! ಬೈಯಲು, ಹೆದರಿಸಲು, ಬುದ್ಧಿ ಹೇಳಲು ಬೇಕಾದ ಭಾಷೆ ಸವಿಯಲು ಮಾತ್ರ ಬೇಡವಾಯಿತೇ?

ನಮ್ಮ ಹಿರಿಯರು ಹೀಗೆ ಮಾಡಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಹೆಂಡ ಮಾರುತ್ತಿದ್ದ ಮಾರಯ್ಯ ತನ್ನ ಕಸುಬಿನ ಮಾತನ್ನೇ ಹಿಡಿದು ವಚನ ಕಟ್ಟಿದ. ಹೆಂಡದ ಮಾರಯ್ಯ ಎಂದೇ ಶರಣರ ಸಾಲಿನಲ್ಲಿ ನಿಂತ. ಜಿ.ಪಿ. ರಾಜರತ್ನಂ ತಮ್ಮ ರತ್ನನ ಪದಗಳಲ್ಲಿ ಕನ್ನಡದ ಮೇಲಿನ ಹುಚ್ಚು ಪ್ರೀತಿಯನ್ನು ಯಾರ ಬಾಯಲ್ಲಿ ಹೇಳಿಸಿದರು? ಯಾವ ಪಂಡಿತನ ಬಾಯಲ್ಲೂ ಅಲ್ಲ, ಒಬ್ಬ ಹೆಂಡಗುಡುಕನ ಬಾಯಲ್ಲಿ. ಏನನ್ನು ಬಿಟ್ಟರೂ ಕನ್ನಡ ಬಿಡೆನೆಂದವನು ಆ ರತ್ನ. ಇಂದು ನಾವು ಹೆಂಡಕ್ಕೆ ರಮ್ ಎಂಬ ಅಂಗಿ ತೊಡಿಸಿದ ಕೂಡಲೇ ಕನ್ನಡದ ಅಂಗಿಯನ್ನು ಕಳಚಿ ಮೂಲೆಗೆಸೆಯುತ್ತೇವೆ.

ಇನ್ನು ಈ ರಮ್ ಯಾರದು? ಕಬ್ಬಿನ ರಸದಿಂದ ಸಕ್ಕರೆಯ ಹರಳು ತೆಗೆಯುವ ವಿದ್ಯೆ ಬೆಳೆದದ್ದು ನಮ್ಮ ಈ ದೇಶದಲ್ಲಿ. ಕಬ್ಬು ಅರಬರ ಕೈದಾಟಿ ಯುರೋಪು ಸೇರಿ, 1493ರಲ್ಲಿ ಕೊಲಂಬಸನ ಎರಡನೆಯ ಯಾನದಲ್ಲಿ ಅಮೆರಿಕದ ದ್ವೀಪಗಳಿಗೆ ಹೋಯಿತು. ಅಲ್ಲಿ ಆಫ್ರಿಕಾದಿಂದ ಸರಪಳಿ ಹಾಕಿ ತಂದ ಗುಲಾಮರ ಬೆವರಿನಿಂದ ಕಬ್ಬಿನ ತೋಟಗಳೆದ್ದವು. ಸಕ್ಕರೆ ತೆಗೆದ ಮೇಲೆ ಉಳಿದ ಕಾಕಂಬಿಯಿಂದ ರಮ್ ಇಳಿಯಿತು. ಅದು ಹಡಗು ಹತ್ತಿ, ಬ್ರಿಟಿಷರ ಸೈನ್ಯದ ಜೊತೆ ನಮ್ಮ ಬಳಿಗೇ ವಾಪಸು ಬಂತು. ಬೆಲ್ಲದಿಂದ ಮಾಡುವ ಸುರೆಗೆ 'ಗೌಡೀ' ಎಂಬ ಹೆಸರು ಮನುಸ್ಮೃತಿಯಲ್ಲೇ ಇದೆ. ನಿಷೇಧಿಸಲೆಂದೇ ಬರೆದ ಪಟ್ಟಿ ಅದು ಎಂಬುದು ಬೇರೆ ಮಾತು. ಜನ ಮಾಡದೇ ಇದ್ದದ್ದನ್ನು ಯಾರಾದರೂ ನಿಷೇಧಿಸುತ್ತಾರೆಯೇ?

ಪದಗಳ ಕಥೆಯೂ ಹೀಗೆಯೇ. ಇಂಗ್ಲಿಷಿನ ಶುಗರ್ ಹೊರಟದ್ದು ನಮ್ಮ ಶರ್ಕರದಿಂದ, ಕ್ಯಾಂಡಿ ಹೊರಟದ್ದು ಖಂಡಸಕ್ಕರೆಯ ಖಂಡದಿಂದ. ಜಾಗರಿ ಎಂಬ ಪದವನ್ನು ಪೋರ್ಚುಗೀಸರು ಎತ್ತಿಕೊಂಡು ಹೋದದ್ದು ಈ ಪಶ್ಚಿಮ ಕರಾವಳಿಯಿಂದಲೇ. ಅದರ ಬೇರು ಕನ್ನಡದ ಸಕ್ಕರೆಯೋ ಮಲಯಾಳದ ಚಕ್ಕರವೋ ಎಂದು ನಿಘಂಟುಕಾರರು ಚರ್ಚಿಸುತ್ತಾರೆ. ತಾಳೆಮರದ ತಾಡಿ ಸ್ಕಾಟ್ಲೆಂಡಿಗೆ ಹೋಗಿ ಟಾಡಿಯಾಗಿ, ನೆಗಡಿಯಾದವರ ಬಿಸಿಪಾನಕವಾಯಿತು. ಅವರು ನಮ್ಮ ಪದಗಳನ್ನು ಸಂಕೋಚವಿಲ್ಲದೆ ಬಾಯಿಗೆ ಹಾಕಿಕೊಂಡರು. ನಾವು ಅವರ ಪದವಿಲ್ಲದೆ ನಮ್ಮ ಬೆಲ್ಲವನ್ನೇ ಗುರುತಿಸಲಾರೆವು!

ನಮ್ಮ ತಯಾರಕರನ್ನೂ ಈ ಕೀಳರಿಮೆ ಒಂದು ಕಾಲದಲ್ಲಿ ಬಿಟ್ಟಿರಲಿಲ್ಲ. 1968ರಲ್ಲಿ ಖೋಡೆಯವರು ಬೆಂಗಳೂರಿನಲ್ಲಿ ಮಾಡಿದ ವಿಸ್ಕಿಗೆ ಇಟ್ಟ ಹೆಸರು ಪೀಟರ್ ಸ್ಕಾಟ್. ಆ 'ಸ್ಕಾಟ್' ನಮ್ಮದು ಎಂದು ಸ್ಕಾಚ್ ವಿಸ್ಕಿ ಸಂಘದವರು ಮೊಕದ್ದಮೆ ಹೂಡಿ ಸುಪ್ರೀಂ ಕೋರ್ಟಿನ ತನಕ ಎಳೆದರು. ದೂರು ತರಲು ಬಹಳ ತಡಮಾಡಿದಿರಿ ಎಂದು 2008ರಲ್ಲಿ ಕೋರ್ಟು ಖೋಡೆಯವರ ಪರ ತೀರ್ಪು ಕೊಟ್ಟಿತು. ಗೆದ್ದದ್ದು ಬೆಂಗಳೂರು, ಉಳಿದದ್ದು ಸ್ಕಾಟ್ಲೆಂಡಿನ ಹೆಸರು. ಅಂದಿನ ಕಾಲ ಹಾಗಿತ್ತು, ಬಿಲಾಯಿತಿ ಹೆಸರಿಲ್ಲದಿದ್ದರೆ ಮಾಲು ಹೋಗುತ್ತಿರಲಿಲ್ಲ. ಆದರೆ ಕಾಲ ಬದಲಾಗಿದೆ. 1948ರಲ್ಲಿ ಶುರುವಾದ ಅಮೃತ್‌ನವರು 2004ರಲ್ಲಿ ತಮ್ಮ ಮಾಲ್ಟ್ ವಿಸ್ಕಿಯನ್ನು 'ಅಮೃತ್' ಎಂಬ ಹೆಸರಿನಲ್ಲೇ ಗ್ಲಾಸ್ಗೋ ನಗರದಲ್ಲಿ, ಅಂದರೆ ಸ್ಕಾಟ್ಲೆಂಡಿನ ಹೊಟ್ಟೆಯೊಳಗೇ ಬಿಡುಗಡೆ ಮಾಡಿದರು. ಈಗ ರಮ್ಮಿಗೆ ಅಚ್ಚಕನ್ನಡದ ಬೆಲ್ಲ ಎಂದು ಹೆಸರಿಟ್ಟಿದ್ದಾರೆ. ತಯಾರಕ ಮುಂದೆ ಹೋಗಿದ್ದಾನೆ, ಲೋಟ ಹಿಡಿದ ನಾವು ಹಿಂದೆ ಉಳಿದಿದ್ದೇವೆ.

ಪಕ್ಕದ ಗೋವಾದವರನ್ನು ನೋಡಿ. ಗೇರುಹಣ್ಣು ಅವರಲ್ಲೂ ಇದೆ, ನಮ್ಮ ಕರಾವಳಿಯಲ್ಲೂ ಇದೆ. ಅವರು ಫೆನಿಗೆ 2009ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದರು. ಫೆನಿಯನ್ನು ಫೆನಿ ಎಂದೇ ಜಗತ್ತು ಕರೆಯುತ್ತದೆ. ಫ್ರೆಂಚರ ಆಡಳಿತದ ಮಾರ್ಟಿನೀಕ್ ನಮ್ಮ ಉಡುಪಿ ಜಿಲ್ಲೆಗಿಂತ ಚಿಕ್ಕ ದ್ವೀಪ. ಅಲ್ಲಿ ಕಬ್ಬಿನ ಹಾಲಿನಿಂದ ಇಳಿಸುವ ರಮ್ಮಿಗೆ ಯಾವ ಊರಿನ ಕಬ್ಬು, ಹೇಗೆ ಮಾಡಬೇಕು, ಏನೆಂದು ಕರೆಯಬೇಕು ಎಂದು 1996ರಿಂದ ಕಾನೂನೇ ಇದೆ. ತಮ್ಮ ನೆಲದ ರುಚಿಗೆ ತಮ್ಮ ಹೆಸರಿಟ್ಟವರನ್ನು ಲೋಕ ಗೌರವಿಸುತ್ತದೆ. ನಮ್ಮ ಬ್ರಹ್ಮಾವರದಲ್ಲೂ ಒಂದು ಸಹಕಾರಿ ಸಕ್ಕರೆ ಕಾರ್ಖಾನೆ ಇತ್ತು. ಮುಚ್ಚಿಹೋಯಿತು. ಅದರ ಜೊತೆ ಈ ಭಾಗದ ಕಬ್ಬಿನ ಗದ್ದೆಗಳೂ ಕರಗಿದವು. ಬೆಳೆ ಹೋದ ಮೇಲೆ ಅದರ ಮಾತು ಎಷ್ಟು ದಿನ ಉಳಿದೀತು?

ಕನ್ನಡದಲ್ಲಿ ರುಚಿಗೆ ಪದಗಳೇ ಇಲ್ಲ ಎಂದು ಹೇಳುವವರಿಗೆ ಒಂದು ಮಾತು. ಒಗರು ಎಂಬ ಮೂರಕ್ಷರದಲ್ಲಿ ನಾವು ಹೇಳುವುದನ್ನು ಅವರು ಟ್ಯಾನಿನ್, ಆಸ್ಟ್ರಿಂಜೆಂಟ್ ಎಂದು ಹುಡುಕಾಡುತ್ತಾರೆ. ಅಚ್ಚುಬೆಲ್ಲ, ಉಂಡೆಬೆಲ್ಲ, ಜೋನಿಬೆಲ್ಲ ಮೂರರ ವಾಸನೆಯೂ ಬೇರೆ ಬೇರೆ. ಎಳೆಪಾಕ, ಒಂದೆಳೆ ಪಾಕ, ಗಟ್ಟಿಪಾಕ, ಅಡಿ ಹಿಡಿದದ್ದು, ಸೀದದ್ದು ಎಂದು ಬೆಲ್ಲ ಕಾಯುವ ಒಂದೊಂದು ಹಂತಕ್ಕೂ ನಮ್ಮ ಅಡುಗೆಮನೆಯಲ್ಲಿ ಒಂದೊಂದು ಹೆಸರಿದೆ. ಕಂಪು, ಘಮ, ಪರಿಮಳ, ಘಾಟು, ಕಮಟು, ನಾತ, ಇವೆಲ್ಲ ಒಂದೇ ಅರ್ಥದ ಮಾತುಗಳೇ? ಆಲೆಮನೆಯ ಕೊಪ್ಪರಿಗೆಯಿಂದ ಏಳುವ ಹಬೆ, ಒಣಶುಂಠಿ, ಜಾಯಿಕಾಯಿ, ಮಾಗಿದ ಹಲಸಿನ ತೊಳೆ, ಒಣಕೊಬ್ಬರಿ, ಮೊದಲ ಮಳೆಗೆ ನೆನೆದ ಮರದ ಹಲಗೆ. ದೇಶದ ಮೂಲೆಮೂಲೆಗೆ ಹೋಟೆಲು ಕಟ್ಟಿ ಊಟ ಬಡಿಸಿದ ಉಡುಪಿ ಸೀಮೆಯಲ್ಲಿ ಕೂತು ರುಚಿಗೆ ಪದವಿಲ್ಲ ಎನ್ನುವುದು ಸಮುದ್ರದ ದಂಡೆಯಲ್ಲಿ ಕೂತು ಉಪ್ಪಿಲ್ಲ ಎಂದಂತೆ.

ಸಂಪಾದಕರೇ, ಕನ್ನಡದ ಹೆಸರಲ್ಲಿ ಕುಡಿತದ ಪ್ರಚಾರಕ್ಕೆ ಇಳಿದಿರಾ ಎಂದು ಕೆಲವರು ಕೇಳಿಯೇ ಕೇಳುತ್ತೀರಿ. ಕೇಳಬೇಕಾದ ಪ್ರಶ್ನೆಯೇ. ಕುಡಿತ ಮನೆ ಮುರಿಯುವುದನ್ನು ಈ ನಾಡು ಕಂಡಿದೆ. ಕಳ್ಳು ಇಳಿಸುವ ಕಸುಬಿನ ಜನರಿಗೇ ನಾರಾಯಣ ಗುರುಗಳು ಇಳಿಸಬೇಡಿ, ಮಾರಬೇಡಿ, ಕುಡಿಯಬೇಡಿ ಎಂದರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಆದರೆ ಅದೇ ಸರ್ಕಾರ 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ಗುರಿ ಇಟ್ಟುಕೊಂಡಿತು. ಆ ದುಡ್ಡಿನ ದೊಡ್ಡ ಪಾಲು ಬರುವುದು ಹೆಬ್ರಿಯ ತೋಟದ ಮನೆಯಿಂದಲ್ಲ, ಅಗ್ಗದ ಪೊಟ್ಟಣ ಹರಿದು ಒಂದೇ ಉಸಿರಿಗೆ ಕುಡಿಯುವ ಕೂಲಿಯವನ ಜೇಬಿನಿಂದ. ತಾನು ಕುಡಿಯುವುದು ಏನು, ಎಷ್ಟು ಗಡುಸು ಎಂಬುದನ್ನು ಅವನ ಭಾಷೆಯಲ್ಲಿ ಅವನಿಗೆ ಯಾರು ಹೇಳಿದ್ದಾರೆ? ನಮ್ಮ ಬಾಟಲಿಗಳ ಮೇಲೆ ಕಾಣುವ 42.8 ಎಂಬ ವಿಚಿತ್ರ ಸಂಖ್ಯೆ ಬ್ರಿಟಿಷರ ಹಳೇ ಪ್ರೂಫ್ ಅಳತೆಯ ಪಳೆಯುಳಿಕೆ. ಅವರ 75 ಡಿಗ್ರಿ ಪ್ರೂಫ್ ಎಂದರೆ ನೂರಕ್ಕೆ 42.8 ಪಾಲು ಮದ್ಯಸಾರ. ಅಳತೆ ಬಿಟ್ಟವರು ಅವರು, ಹಿಡಿದುಕೊಂಡು ಕೂತವರು ನಾವು!

ಕುಡಿಯದವರು ಕುಡಿಯಲೇಬೇಡಿ. ಆ ತಾಯಿ ಒಂದು ಹನಿಯನ್ನೂ ಕುಡಿಯದೆ ನಮ್ಮೆಲ್ಲರಿಗಿಂತ ಚೆನ್ನಾಗಿ ರುಚಿ ಹೇಳಿದರಲ್ಲ, ಅದೇ ನನ್ನ ವಾದಕ್ಕೆ ಸಾಕ್ಷಿ. ರುಚಿ ತಿಳಿದವನು ಒಂದು ಗುಟುಕಿಗೆ ನಿಲ್ಲಬಲ್ಲ. ಹೆಸರಿಟ್ಟು ಸವಿಯಲಾರದವನು ಲೋಟ ಬರಿದು ಮಾಡುತ್ತಾ ಹೋಗುತ್ತಾನೆ.

ನಿಮ್ಮಿಂದ ಆಗಬೇಕಾದ್ದು ಇಷ್ಟು. ರಮ್ಮಾಗಲಿ, ಕಾಫಿಯಾಗಲಿ, ಜೇನಾಗಲಿ, ನಾಲ್ಕು ಜನ ಸೇರಿ ರುಚಿ ನೋಡುವಾಗ ಕನ್ನಡದಲ್ಲೋ ತುಳುವಿನಲ್ಲೋ ನಿಮ್ಮ ಮನೆಮಾತಿನಲ್ಲೋ ಹೇಳಿ, ಬರೆದಿಡಿ. ಮೊದಲ ಸಲ ತಡವರಿಸುತ್ತೀರಿ, ಮೂರನೆಯ ಸಲ ಸಲೀಸಾಗುತ್ತದೆ. ಎರಡನೆಯದು, ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022 ಎಂಬ ಕಾನೂನು 2024ರಲ್ಲಿ ಜಾರಿಗೆ ಬಂದಿದೆ. ಕರ್ನಾಟಕದಲ್ಲಿ ತಯಾರಾದ ವಸ್ತುಗಳ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು ಅದು ಹೇಳುತ್ತದೆ. ಅಂಗಡಿಯಲ್ಲಿ ಬಾಟಲಿ ಕೈಗೆತ್ತಿಕೊಂಡಾಗ ತಿರುಗಿಸಿ ನೋಡಿ. ಕನ್ನಡವಿಲ್ಲದಿದ್ದರೆ ಕೇಳಿ, ತಯಾರಕರಿಗೆ ಕಾಗದ ಹಾಕಿ. ಗಲಾಟೆ ಬೇಡ, ಗಾಜು ಒಡೆಯುವುದು ಬೇಡ. ಕೊಳ್ಳುವವನು ಕೇಳಿದರೆ ಮಾರುವವನು ಬರೆಯಲೇಬೇಕು.

ಬೆಳಿಗ್ಗೆ ಹೊರಡುವಾಗ ಆ ಹುಡುಗರು ರುಚಿಚಕ್ರದ ಹಿಂಬದಿಯ ಖಾಲಿ ಹಾಳೆಯಲ್ಲಿ ಪೆನ್ನು ಹಿಡಿದು ಇನ್ನೊಂದು ಚಕ್ರ ಬರೆಯತೊಡಗಿದ್ದರು. ನಡುವಿನಲ್ಲಿ ಬೆಲ್ಲ, ಸುತ್ತ ಅಡಿ ಹಿಡಿದದ್ದು, ಜೋನಿ, ಹೊಗೆ, ಒಗರು. ಮನೆಯೊಡತಿ ದೋಸೆ ಹುಯ್ಯುತ್ತಲೇ ಒಳಗಿನಿಂದ ಒಂದೊಂದು ಪದ ಕೂಗಿ ಹೇಳುತ್ತಿದ್ದರು. ಅರ್ಧ ಚಕ್ರ ಇನ್ನೂ ಖಾಲಿ ಇತ್ತು.

ಆ ಖಾಲಿ ಅರ್ಧ ನಿಮ್ಮದು. ನಿಮ್ಮ ಊರಿನ, ನಿಮ್ಮ ಅಜ್ಜಿಯ ಅಡುಗೆಮನೆಯ ಪದಗಳನ್ನು ಬರೆದು ಕಳಿಸಿ. ಅಚ್ಚು ಹಾಕುತ್ತೇವೆ.

– ಸಂಪಾದಕ